ಸವಾರನ ಅಳತೆ

ತಲೆಯ ಕಡೆಯಿಂದ ಒಂದು ಸಲ, ಕಾಲಿನ ಕಡೆಯಿಂದ ಒಂದು ಸಲ ಇಳಿಸಿ ನೋಡಿದರು. ಎರಡು ಸಲವೂ ಶವಪೆಟ್ಟಿಗೆ ಸಾಲಲಿಲ್ಲ. ಹೊಸ ಕಾಲುಚೀಲ ತೊಟ್ಟ ಪಾದಗಳೆರಡೂ ಅಂಚಿನ ಮೇಲೆ ಕೂತುಬಿಟ್ಟವು.

ಮೈದುನ ಬೆವರೊರೆಸಿಕೊಂಡ. "ಅಳತೆ ಕೊಟ್ಟಿದ್ದು ಯಾರು?"

"ಮನೆಯವರೇ ಫೋನಲ್ಲಿ ಹೇಳಿದ್ದು ಸ್ವಾಮಿ," ಎಂದ ಪೆಟ್ಟಿಗೆಯವನು.

ತೀರಿಹೋದವನ ಹೆಂಡತಿ ಗೋಡೆಗೊರಗಿ ನಿಂತಿದ್ದಳು. ಹೇಳಿದವಳು ಅವಳೇ. ನನಗಿಂತ ನಾಲ್ಕು ಬೆರಳು ಹೆಚ್ಚು, ಎಂದಿದ್ದಳು. ಎಷ್ಟೋ ವರ್ಷಗಳಿಂದ ಆತ ಇದ್ದದ್ದೂ ಅಷ್ಟೇ. ಹಗಲೆಲ್ಲ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜಿ, ಸಂಜೆಯೆಲ್ಲ ಮೇಜಿನ ಮೇಲೆ ಹೆಬ್ಬೆರಳುದ್ದದ ತವರದ ಸೈನಿಕರಿಗೆ ಬಣ್ಣ ಬಳಿದು ಬೆನ್ನು ಬಾಗಿಹೋಗಿತ್ತು. ಈಗ ದೇವರು ಆ ಬೆನ್ನನ್ನು ನೇರ ಮಾಡಿ ಮಲಗಿಸಿದ್ದ. ಮದುವೆಯ ದಿನ ಎಷ್ಟೆತ್ತರದ ಆಳೋ ಅಷ್ಟುದ್ದಕ್ಕೂ ಆತ ಮಲಗಿದ್ದ. ಆ ಎತ್ತರವನ್ನು ಅವಳು ಮರೆತೇಬಿಟ್ಟಿದ್ದಳು.

"ಇನ್ನೊಂದು ತರಿಸೋಕೆ ಮಧ್ಯಾಹ್ನ ದಾಟತ್ತೆ," ಪೆಟ್ಟಿಗೆಯವನು ದನಿ ತಗ್ಗಿಸಿದ. "ಮಂಡಿ ಸ್ವಲ್ಪ ಮಡಿಸಿದ್ರೆ ಆಗೋಗತ್ತೆ. ಮೇಲೆ ಹೊದಿಕೆ ಇರತ್ತಲ್ಲ, ಯಾರಿಗೆ ಕಾಣತ್ತೆ?"

"ಕೆಳಗೆ ಜನ ಬಿಸಿಲಲ್ಲಿ ನಿಂತಿದಾರೆ ಅತ್ತಿಗೆ. ಹೂಂ ಅಂದುಬಿಡಿ," ಎಂದ ಮೈದುನ.

ಯಾರಿಗೆ ಕಾಣತ್ತೆ. ಹಿಂದೊಮ್ಮೆ ಅದೇ ಮಾತನ್ನು ಅವಳೂ ಆಡಿದ್ದಳು.

* * *

ಕಬ್ಬಿಣದ ಅಂಗಿ ತೊಟ್ಟ ತವರದ ಸವಾರರು ಅಂಚೆಯಲ್ಲಿ ಬಂದ ಕಾಲದ ಮಾತು. ಸವಾರರೇನೋ ಬಂದರು, ಕುದುರೆಗಳನ್ನು ಬೇರೆ ಕಡೆಯಿಂದ ತರಿಸಬೇಕಿತ್ತು. ಡಬ್ಬಿಯ ಮೇಲೆ ಸವಾರನ ಎತ್ತರ ಬರೆದಿರುತ್ತಾರೆ, ಕುದುರೆಯದನ್ನು ಯಾವ ಪುಣ್ಯಾತ್ಮನೂ ಬರೆಯುವುದಿಲ್ಲ. ಮೊದಲು ಬಂದವು ಕತ್ತೆಮರಿಗಳಂತಿದ್ದವು. ಆಮೇಲೆ ಬಂದವು ದೈತ್ಯರು. ಅವುಗಳ ಮೇಲೆ ಶೂರರೆಲ್ಲ ಅಪ್ಪನ ಹೆಗಲೇರಿದ ಕೂಸುಗಳಂತೆ ಕಂಡರು. ಆತ ಚಿಟಿಕೆ ಮೇಣ ಹಚ್ಚಿ ಸವಾರನನ್ನು ಕೂರಿಸುವುದು, ಗಲ್ಲವನ್ನು ಮೇಜಿಗೆ ಊರಿ ನೋಡುವುದು, ತಲೆಯಾಡಿಸಿ ಕಿತ್ತಿಡುವುದು. ಇದೇ ನಡೆದಿತ್ತು.

ಮೇಜಿನಾಚೆ ಕೂತು ಆ ಸೈನಿಕರನ್ನಿಟ್ಟು ಯುದ್ಧದಾಟ ಆಡುತ್ತಿದ್ದ ಗೆಳೆಯ ಬಸ್ಸಿನ ಕಂಡಕ್ಟರಾಗಿದ್ದವನು. ಆಡಿದ್ದನ್ನೆಲ್ಲ ಸೋಲುತ್ತಿದ್ದುದಕ್ಕೆ ಮನೆಮಂದಿ ಅವನನ್ನು ಸೇನಾಪತಿ ಎಂದೇ ಕರೆಯುತ್ತಿದ್ದರು. "ನಿನ್ನ ಸವಾರರು ಕುದುರೆ ಹತ್ತೋ ಹೊತ್ತಿಗೆ ನನ್ನ ಕಾಲಾಳುಗಳಿಗೆಲ್ಲ ಪಿಂಚಣಿ ಬಂದಿರತ್ತೆ ಕಣಯ್ಯ," ಎಂದ ಒಂದು ಸಂಜೆ.

"ಆ ಚಿಕ್ಕವೇ ಸಾಕು ಬಿಡಿ," ಎಂದಳು ಹೆಂಡತಿ, ಚಹಾ ಇಡುತ್ತಾ. "ಕಾಲು ಸ್ವಲ್ಪ ಇಳಿಬಿದ್ರೆ ಯಾರಿಗೆ ಕಾಣತ್ತೆ?"

ಆತ ಗಲ್ಲ ಎತ್ತಲಿಲ್ಲ. "ಮೈತುಂಬ ಕಬ್ಬಿಣ ಹೊತ್ತು ಸಾಯೋಕೆ ಹೊರಟವನು ಕಣೆ. ನೆಲ ಸವರೋ ಕಾಲಲ್ಲಿ ಅವನನ್ನ ಕಳಿಸೋದಾ?"

ಒಂದು ದಿನ ಸರಿಯಾದ ಕುದುರೆ ಸಿಕ್ಕಿತು. ಅಗಲ ಎದೆ, ದಪ್ಪ ಕುತ್ತಿಗೆ, ಸವಾರನ ಪಾದ ಅದರ ಹೊಟ್ಟೆಯ ಗೆರೆಗೆ ಸರಿಯಾಗಿ. ಆತ ಅವಳನ್ನು ಅಡುಗೆಮನೆಯಿಂದ ಕರೆದು, ಪಕ್ಕದಲ್ಲಿ ಕೂರಿಸಿ, ಅವಳ ಗಲ್ಲವನ್ನೂ ಮೇಜಿಗೆ ಊರಿಸಿದ. ಅಲ್ಲಿಂದ ನೋಡಿದರೆ ಅವು ಆಟಿಕೆಯಲ್ಲ. ದಂಡೇ ಏರಿ ಬರುತ್ತಿತ್ತು.

"ಭೂಮಿ ನಡುಗಿದ ಹಾಗೆ ಅನ್ಸಲ್ವಾ?"

"ನಡುಗಿಸ್ತಿರೋದು ನಿಮ್ಮ ಮೊಣಕೈ," ಎಂದಿದ್ದಳು.

* * *

"ಮಂಡಿ ಮಡಿಸಬೇಡಿ," ಎಂದಳು ಹೆಂಡತಿ.

"ಹಟ ಮಾಡೋ ಹೊತ್ತಾ ಅತ್ತಿಗೆ ಇದು?"

"ತಪ್ಪು ಹೇಳಿದವಳು ನಾನು. ಮುದುಡಿಕೊಂಡು ಹೋಗೋದು ಅವರಾ?"

ಮೂಲೆಯಲ್ಲಿ ಕೂತಿದ್ದ ಸೇನಾಪತಿ ಮಂಡಿ ಹಿಡಿದುಕೊಂಡು ಎದ್ದ. "ಒಂದು ಕುದುರೆಗೆ ಎರಡು ವರ್ಷ ಕಾಯಿಸಿದ ಮಹಾರಾಯ, ತಂಗಿ. ಮಧ್ಯಾಹ್ನದವರೆಗೆ ಕಾಯೋದು ಯಾವ ದೊಡ್ಡ ಮಾತು. ನಾನು ಹೋಗಿ ಜನಕ್ಕೆ ಹೇಳ್ತೀನಿ." ನಗಲು ಹೋದ, ಬಾಯಿ ಸೊಟ್ಟಗಾಯಿತೇ ಹೊರತು ನಗು ಬರಲಿಲ್ಲ.

ಪೆಟ್ಟಿಗೆಯವನು ಟೇಪು ತೆಗೆದ. ಅವಳು ಅದನ್ನು ಮುಟ್ಟದೆ ನೆಲದಲ್ಲಿ ಕೂತು ಗೇಣು ಹಾಕತೊಡಗಿದಳು. ಹಿಮ್ಮಡಿಯಿಂದ ಮೊಣಕಾಲು, ಮೊಣಕಾಲಿಂದ ಸೊಂಟ. ಎದೆಯ ಮೇಲೆ ಗೇಣು ಮುಂದೆ ಸರಿಯಲಿಲ್ಲ. ಕೋಣೆಯಲ್ಲಿ ಯಾರೂ ಅವಸರ ಮಾಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಕೈ ಕುತ್ತಿಗೆ ದಾಟಿ ನೆತ್ತಿ ಮುಟ್ಟಿತು. ಅವಳು ಎಣಿಕೆ ಹೇಳಿದಳು. ಪೆಟ್ಟಿಗೆಯವನು ಗೇಣಿನ ಉದ್ದವನ್ನು ಅವಳ ಕೈಮೇಲೇ ಅಳೆದು ಬರೆದುಕೊಂಡ.

ಎರಡನೆಯ ಪೆಟ್ಟಿಗೆ ಬಂದಾಗ ಬಿಸಿಲು ಕಿಟಕಿ ದಾಟಿತ್ತು. ಆತ ಅದರಲ್ಲಿ ನೀಳವಾಗಿ, ಆರಾಮಾಗಿ ಮಲಗಿದ. ಮುಚ್ಚಳ ಸದ್ದಿಲ್ಲದೆ ಕೂತಿತು.

ತೊಡಕಾದದ್ದು ಮೆಟ್ಟಿಲಲ್ಲಿ. ಇಳಿಯುವ ತಿರುವು ಇಕ್ಕಟ್ಟು, ಪೆಟ್ಟಿಗೆ ಉದ್ದ. ಆ ಕಡೆ ಜರುಗಿಸಿದರು, ಈ ಕಡೆ ವಾಲಿಸಿದರು.

"ನಿಲ್ಲಿಸಿ ತಿರುಗಿಸಬೇಕು. ತಲೆ ಕಡೆ ಮೇಲಕ್ಕೆತ್ತಿ. ನಿಧಾನ," ಎಂದ ಪೆಟ್ಟಿಗೆಯವನು.

ಕೆಳಗೆ ಹೋಗಲೆಂದು ಮುಂದೆ ಇಳಿದಿದ್ದ ಹೆಂಡತಿ ತಿರುವಿನಲ್ಲೇ ಸಿಕ್ಕಿಕೊಂಡು ಗೋಡೆಗೆ ಒತ್ತಿಕೊಂಡಳು. ಅವಳ ಎದುರಿಗೇ, ಅಂಗೈಯಗಲ ದೂರದಲ್ಲಿ, ನಾಲ್ಕು ಜನ ಉಸಿರು ಬಿಗಿಹಿಡಿದು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. ಅವಳು ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡಳು. ಆಮೇಲೆ ಕತ್ತು ನೋಯುವಷ್ಟು ತಲೆಯೆತ್ತಿ, ಮೇಲೆ ನೋಡಿದಳು.