ಬುಶ್ರಾನ ಬಲಗೈ

"ಕೈ ತೋರ್ಸ್ಲಾ, ಕತ್ತೆ. ಎಡಗೈ ಅಲ್ಲ, ಬಲಗೈ."

ಗುಮಾಸ್ತ ನಸೀಫ್ ತಲೆ ಎತ್ತಲಿಲ್ಲ. ನಮ್ಮ ಕ್ರೈಸ್ತರಲ್ಲಿ ಚಿಕ್ಕಂದಿನಲ್ಲೇ ಬಲ ಮಣಿಕಟ್ಟಿಗೆ ಶಿಲುಬೆಯ ಹಚ್ಚೆ ಹಾಕಿಸುತ್ತಾರೆ. ಅದನ್ನು ನೋಡಿದ ಮೇಲೆಯೇ ಅವನು ಹೆಸರು ಬರೆದುಕೊಳ್ಳುವುದು.

ಬುಶ್ರಾ ಬಲತೋಳನ್ನು ಮೇಜಿನ ಮೇಲಿಟ್ಟ. ಮೊಣಕೈಯಿಂದ ಕೆಳಗೆ ಬರೀ ಬಟ್ಟೆ.

"ಶಿಲುಬೆ ಎಲ್ಲಿ?"

"ಕೈ ಜತೇಲೇ ಹೋಯ್ತು ಸ್ವಾಮಿ."

"ಕೈ ಎಲ್ಲಿ?"

"ಹೂತಾಕಿದೀವಿ. ನಮ್ಮಪ್ಪನ ಪಕ್ಕದಲ್ಲಿ."

"ಹಂಗಾದ್ರೆ ನೀನು ನಮ್ಮೋನು ಅಂತ ನಂಗೆ ಹೆಂಗ್ಲಾ ಗೊತ್ತಾಗ್ಬೇಕು? ಅಗೆದು ತತ್ತೀಯಾ?"

ಸುಳ್ಳು ಹೇಳುವುದು ನನ್ನ ಹಳೆಯ ಚಟ, ಆದರೆ ಇದು ನಡೆದದ್ದು. ಬುಶ್ರಾನ ಅರ್ಜಿ ಬರೆದುಕೊಟ್ಟವನೇ ನಾನು. ಅವನ ಬೆನ್ನ ಹಿಂದೆಯೇ ನಿಂತಿದ್ದೆ.

ಊರಿನ ಮೂರು ಕ್ರೈಸ್ತ ಸಭೆಗಳ ಒಕ್ಕೂಟದವರು ಕೃತಕ ಕೈಕಾಲು ಕೊಡಲು ಹೆಸರು ಬರೆಸಿಕೊಳ್ಳುತ್ತಿದ್ದ ದಿನ ಅದು. ಮಿನ್ಯಾ ಊರಿನ ನದಿಯ ಈ ದಂಡೆಯಲ್ಲಿ ಸುಣ್ಣಕಲ್ಲಿನ ಗಣಿ ಬಿಟ್ಟರೆ ಬೇರೆ ಕೆಲಸವಿಲ್ಲ. ಗಣಿಯ ಗರಗಸಕ್ಕೆ ಕಲ್ಲು ಯಾವುದು, ಕೈ ಯಾವುದು ಎಂದು ತಿಳಿಯುವುದಿಲ್ಲ. ಬುಶ್ರಾನ ಕೈಯನ್ನು ಅದು ಹೋದ ವರ್ಷ ತಿಂದಿತ್ತು. ಗಣಿಯ ಧಣಿ ಒಂದು ಮೂಟೆ ಹಿಟ್ಟು ಕಳಿಸಿ, ಅವನನ್ನು ಚಹಾ ಕಾಯಿಸಲು ಇಟ್ಟುಕೊಂಡಿದ್ದ. ಈಗ ಧಣಿಯ ಮಾತು ಬೇರೆ: "ಈಸ್ಟರ್ ಆದ್ಮೇಲೆ ಎರಡು ಕೈ ಇದ್ರೆ ಬಾ, ಕಲ್ಲು ತಳ್ಳೀವಂತೆ. ಇಲ್ದಿದ್ರೆ ಬರ್ಬೇಡ."

ಗೋಡೆಯ ಮೇಲೆ ಬಟ್ಟೆಯ ಫಲಕ: 'ಒಂದೇ ಮನೆ, ಮೂರು ಬಾಗಿಲು.' ಅದರ ಕೆಳಗೆ ಸಭೆಗೊಬ್ಬರಂತೆ ಮೂವರು ಒಂದೇ ಮೇಜಿಗೆ ಕೂತಿದ್ದರು. ಪಟ್ಟಿ ಮಾತ್ರ ಮೂರು. ನಸೀಫ್ ಅವರ ಕಡೆ ನೋಡಿದ.

ನಮ್ಮ ಹಳೆಯ ಸಭೆಯ ಯಾಜಕರು, ಅಬೂನಾ, ಗಡ್ಡ ನೀವಿಕೊಂಡರು. "ಇವನ ಹೆಣ್ಮಕ್ಳು ಓದೋದು ಕ್ಯಾಥೊಲಿಕರ ಶಾಲೇಲಿ. ಅವ್ರೇ ಬರ್ಕೊಳ್ಲಿ."

ಕ್ಯಾಥೊಲಿಕ್ ಗುರು ಕಣ್ಣು ಮುಚ್ಚಿದರು. "ದೀಕ್ಷಾಸ್ನಾನ ಆಗಿರೋದು ನಿಮ್ಮಲ್ಲಿ ಅಬೂನಾ. ನಿಮ್ಮ ಕುರಿ ಕದಿಯೋ ಜನ ಅಲ್ಲ ನಾವು."

ಸುವಾರ್ತಾ ಸಭೆಯ ಪಾದ್ರಿ ನಕ್ಕರು. "ಇವನ ಹೆಂಡತಿ ನಮ್ಮ ಪ್ರಾರ್ಥನೆಗೆ ಬರ್ತಾಳೆ, ನಿಜ. ಈ ಸಹೋದರ ಬರಲ್ವಲ್ಲ."

ಹಿರಿಯರು ಬಂದಾಗ ಕುರ್ಚಿ ಬಿಟ್ಟುಕೊಡುವ ಹಾಗೆ, ಬುಶ್ರಾನನ್ನು ಅಷ್ಟೇ ಮರ್ಯಾದೆಯಿಂದ ಒಬ್ಬರಿಗೊಬ್ಬರು ಬಿಟ್ಟುಕೊಟ್ಟರು.

"ನಾಳಿದ್ದು ಕೊನೇ ದಿನ," ಅಂದ ನಸೀಫ್. "ಏನಾರ ಒಂದು ಗುರುತು ತಗೊಂಬಾ. ಈಗ ಆಚೆ ನಡಿ, ಮೇಜೆಲ್ಲ ಧೂಳು."

ಮಾರನೆಯ ದಿನ ಗಣಿಯಲ್ಲಿ ರೊಟ್ಟಿ ತಿನ್ನುವ ಹೊತ್ತಿಗೆ ನಾನು ಒಕ್ಕೂಟ ನಡೆಸಿದೆ. ಸಿಮೆಂಟಿನ ಖಾಲಿ ಚೀಲ ಹೊದ್ದು ಅಬೂನಾನ ಹಾಗೆ ಗಡ್ಡ ನೀವಿದೆ, ಗುರುವಿನ ಹಾಗೆ ಕಣ್ಣು ಮುಚ್ಚಿದೆ, ಪಾದ್ರಿಯ ಹಾಗೆ "ಸಹೋದರಾ" ಅಂದೆ. ರೆಪ್ಪೆಯ ತನಕ ಬಿಳಿ ಪುಡಿ ಹತ್ತಿದ್ದ ಇಪ್ಪತ್ತು ಜನ ಹಲ್ಲು ಕಿರಿದರು. ಆಮೇಲೆ ಕಲ್ಲುಕುಟಿಗ ಗತ್ತಾಸ್ ಒಂದು ಗಂಟು ತಂದು ಬುಶ್ರಾನ ಮಡಿಲಲ್ಲಿ ಇಟ್ಟ.

"ಒಕ್ಕೂಟದೋರು ಕಳ್ಸವ್ರೆ ಕಣಣ್ಣ. ನಿನ್ನ ಕೈ."

ಒಂದು ಗಳಿಗೆ ಬುಶ್ರಾ ನಂಬಿದ. ಅದನ್ನು ನಾನು ನೋಡಬಾರದಿತ್ತು. ಹಲ್ಲಿನಲ್ಲಿ ಗಂಟು ಬಿಚ್ಚಿದ. ಒಳಗೆ ಕಲ್ಲಿನ ಕೈ. ಮಣಿಕಟ್ಟಿನಲ್ಲಿ ಕೊರೆದ ಶಿಲುಬೆಗೆ ಗತ್ತಾಸ್ ಯಂತ್ರದ ಸುಟ್ಟ ಎಣ್ಣೆ ತುಂಬಿದ್ದ.

ಎಲ್ಲರೂ ನಕ್ಕರು. ಬುಶ್ರಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಕಿರುಬೆರಳು ನಂದಿದ್ದಂಗೇ ಸೊಟ್ಟ ಮಾಡಿದೀಯ. ಗ್ಯಾಪ್ಕ ಇಟ್ಕೊಂಡಿದೀಯ ಕಣ್ಲಾ, ಗತ್ತಾಸ್," ಅಂದ. ಎದ್ದು ಎಲ್ಲರಿಗೂ ಚಹಾ ಹಾಕಿದ.

ಕೊನೆಯ ದಿನ ಅವನ ಜೊತೆ ನಾನೂ ಗತ್ತಾಸನೂ ಹೋದೆವು. ಕಲ್ಲಿನ ಕೈ ಅಂಗಿಯ ಬಲತೋಳಿನೊಳಗೆ ಇದ್ದದ್ದು ನಮಗೆ ಗೊತ್ತಿರಲಿಲ್ಲ.

"ಕೈ ತೋರ್ಸು."

ಬುಶ್ರಾ ಮೇಜಿನ ಮೇಲೆ ತೋಳು ಇಟ್ಟ. ನಸೀಫ್ ತಲೆ ಎತ್ತದೆ ಶಿಲುಬೆ ನೋಡಿದ, ಹೆಸರು ಬರೆದ, ಸಂಖ್ಯೆ ಬರೆದ. ಪಕ್ಕಕ್ಕೆ ಸರಿಸಲು ಕೈ ಮುಟ್ಟಿದಾಗ ಅದು ತೋಳಿನಿಂದ ಜಾರಿ ಮೇಜಿನ ಮೇಲೆ ಧಡ್ ಎಂದು ಕೂತಿತು.

"ಏನ್ಲಾ ಇದು, ಸೂಳೆಮಗನೆ?"

"ಗುರುತು ಸ್ವಾಮಿ." ಬುಶ್ರಾ ಮೂವರ ಕಡೆ ತಿರುಗಿದ. "ಇದಕ್ಕಿನ್ನೂ ಯಾರೂ ದೀಕ್ಷಾಸ್ನಾನ ಮಾಡ್ಸಿಲ್ಲ ಅಬೂನಾ. ಯಾರಿಗ್ ಬೇಕೋ ತಗಳಿ. ಕುರಿ ಕದ್ದಂಗಾಗಲ್ಲ."

ಪಾದ್ರಿ ಗುರುವನ್ನು ನೋಡಿದರು. ಗುರು ಅಬೂನಾನನ್ನು ನೋಡಿದರು. ಅಬೂನಾ ಫ್ಯಾನು ನೋಡಿದರು. ಅದರ ಗಾಳಿಗೆ ಪಟ್ಟಿಗಳು ಹಾರತೊಡಗಿದ್ದವು. ನಸೀಫ್ ಬುಶ್ರಾನ ಹೆಸರಿನ ಮೇಲೆ ಗೀಟು ಎಳೆದ. ಹಾಳೆಗಳನ್ನು ಬಾಚಿ ಒಟ್ಟು ಮಾಡಿದ. ಕೈಗೆ ಸಿಕ್ಕ ಕಲ್ಲಿನ ಕೈಯನ್ನು ಎಳೆದು ಮೂರು ಪಟ್ಟಿಗಳ ಮೇಲೆ ಇಟ್ಟ. ಹಾಳೆಗಳು ಸುಮ್ಮನಾದವು.

"ಮುಂದಿನೋರು ಬನ್ರಿ. ಕೈ ತೋರ್ಸಿ."

ಒಂದು ಕಾಲಿನ ಮುದುಕನೊಬ್ಬ ಕುಂಟುತ್ತ ಬಂದು ಮಣಿಕಟ್ಟು ಚಾಚಿದ.

ಆಗ ಬುಶ್ರಾ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಸಾಲಿನಲ್ಲಿದ್ದ ಕೆಲವರೂ ನಕ್ಕರು. ನಾನೂ ಗತ್ತಾಸನೂ ನಗಲು ನೋಡಿದೆವು, ಬರಲಿಲ್ಲ. ಅವನ ನಗು ಎಲ್ಲರದ್ದಕ್ಕಿಂತ ದೊಡ್ಡದಾಗಿ ಸೂರಿನ ತನಕ ಹೋಯಿತು.

"ನೋಡ್ಲಾ," ಅಂದ ನನಗೆ, ಉಸಿರು ಸಿಗದೆ. "ನನ್ ಕೈಗೆ ಕೆಲ್ಸ ಸಿಕ್ತು."