ಎರಡನೆಯ ಬಾಟಲಿ

ಬಾತ್‌ರೂಮಿನ ಚಿಲಕ ಹಾಕಿಕೊಂಡು ಆಕೆ ಸ್ಟೀಲಿನ ಬೋಗುಣಿಯಲ್ಲಿ ನೆಗೆಟಿವ್ ಪಟ್ಟಿಯನ್ನು ಅತ್ತಿತ್ತ ಆಡಿಸುತ್ತಿದ್ದಳು. ಗಂಡನ ದೇಹ ಹೊರಗೆ ಹಜಾರದಲ್ಲಿತ್ತು. ನಾಲ್ಕಕ್ಕೆ ಒಯ್ಯುವುದೆಂದು ತೀರ್ಮಾನವಾಗಿತ್ತು.

“ಅಕ್ಕಾ, ಬಾಗಿಲು ತೆಗಿಯೇ. ಎಷ್ಟೊತ್ತು ಒಬ್ಬಳೇ ಅಳ್ತೀಯ?” ತಂಗಿ ತಟ್ಟಿದಳು.

“ಅಳ್ತಿಲ್ಲ ಕಣೆ. ಇನ್ನು ಆರು ನಿಮಿಷ.”

“ಪಾಪ, ದುಃಖಕ್ಕೂ ಗಡಿಯಾರ ಇಟ್ಕೊಂಡಿದಾಳೆ,” ಎಂದರು ದೊಡ್ಡಮ್ಮ.

“ಅವಳ ದುಃಖ ಇರ್ಲಿ. ಮನೇಲಿರೋದು ಇದೊಂದೇ. ನನ್ನ ಗತಿ ಏನು?” ಚಿಕ್ಕಪ್ಪನ ದನಿ. ಅವರೂ ನಾಲ್ಕು ಸಲ ತಟ್ಟಿದರು.

ಮೂವತ್ತು ವರ್ಷ ಕಂಡವರ ಮದುವೆಯನ್ನೆಲ್ಲ ಫೋಟೋ ತೆಗೆದ ಮನುಷ್ಯನದ್ದೇ ಒಂದು ಫೋಟೋ ಮನೆಯಲ್ಲಿರಲಿಲ್ಲ. ಗುರುತಿನ ಚೀಟಿಯಲ್ಲೊಂದು ಇತ್ತು. ಅದರಲ್ಲಿ ಕೋಳಿ ಕದ್ದು ಸಿಕ್ಕಿಬಿದ್ದವರ ಹಾಗೆ ಕಾಣುತ್ತಿದ್ದರು. ಒಂದೇ ಒಂದು ಸಲ ಕ್ಯಾಮೆರಾಕ್ಕೆ ಟೈಮರ್ ಇಟ್ಟು, ಓಡಿ ಬಂದು ಹೆಂಡತಿಯ ಪಕ್ಕ ನಿಂತಿದ್ದರು. ಆ ರೋಲೇ ಮಂಕಾಯಿತು.

*

ಒಂಬತ್ತು ವರ್ಷದ ಹಿಂದೆ, ಇದೇ ಬಾಗಿಲಿನಿಂದ ಅವರು ಆ ರೋಲಿನ ಒದ್ದೆ ಫಿಲ್ಮ್ ಹಿಡಿದು ಹೊರಬಂದಿದ್ದರು. ಫಿಲ್ಮ್ ಕೆಸರು ನೀರಿನಲ್ಲಿ ಅದ್ದಿದ ಹಾಗೆ ದಟ್ಟವಾಗಿತ್ತು.

“ನೀನು ಬಾಗಿಲು ತಟ್ಟಿದ್ದಕ್ಕೇ ಹೀಗಾಯ್ತು. ನನ್ನ ಸೆಕೆಂಡಿನ ಎಣಿಕೆ ತಪ್ಪಿತು.”

“ಊಟಕ್ಕೆ ಕರೆದೆ ಅಷ್ಟೆ. ರೀ, ಆ ಎರಡನೇ ಬಾಟಲಿ ಔಷಧದ ಶಕ್ತಿ ಹೋಗಿದೆ. ಅದು ತೊಳೆದು ತೆಗೀಬೇಕಾದ ಕಪ್ಪು ಬೆಳ್ಳಿ ಬಿಡದೆ ಫಿಲ್ಮಲ್ಲೇ ಕೂತಿದೆ. ಹೊಸದು ಕಲಸಿ ಇನ್ನೊಂದ್ಸಲ ಮುಳುಗಿಸಿ, ತಿಳಿಯಾಗುತ್ತೆ. ಪೊಟ್ಟಣದ ಚೀಟೀಲೇ ಬರೆದಿದೆ.”

“ಚೀಟಿ ಓದಿ ಯಾರಾದ್ರೂ ಕಲಾವಿದರಾಗ್ತಾರಾ? ಆ ಬಾಟಲಿ ಇನ್ನೂ ಒಂದು ರೋಲಿಗೆ ಬರುತ್ತೆ, ಬಿಡು.”

ಲಕೋಟೆಯ ಮೇಲೆ ಶಾಯಿಯಲ್ಲಿ ಬರೆದಿಟ್ಟರು: ‘ಮಂಕು. ಕಾರಣ: ಇವಳು ಬಾಗಿಲು ತಟ್ಟಿದ್ದು.’ ಹಿಂದಿನ ಲಕೋಟೆಗಳ ಮೇಲೆ ನಲ್ಲಿ ನೀರು, ಬಲ್ಬು, ಪಕ್ಕದ ಮನೆಯ ನಾಯಿ ಸರದಿಯಂತೆ ಕಾರಣವಾಗಿದ್ದವು. ಬಾಟಲಿಯ ಸರದಿ ಮಾತ್ರ ಬಂದಿರಲಿಲ್ಲ. ಸಾಯುವ ತಿಂಗಳ ಮುಂಚೆ ತಂದ ಹೊಸ ಪೊಟ್ಟಣವನ್ನೂ ಒಡೆಯದೆ ಜೋಪಾನ ಮಾಡಿದ್ದರು.

*

ಇವತ್ತು ಆಕೆ ಆ ಪೊಟ್ಟಣವನ್ನು ಹಲ್ಲಿನಿಂದ ಹರಿದು, ಬಿಸಿನೀರಿನ ಶಾಖ ಅಳೆದು ಕಲಸಿದ್ದಳು.

“ಅಮ್ಮಾ,” ಪ್ರಿಂಟ್‌ಗಾಗಿ ಕರೆಸಿದ್ದ ಸ್ಟುಡಿಯೋದವನು ಮೆಲ್ಲಗೆ ತಟ್ಟಿದ. “ಮೂರೂವರೆಯೊಳಗೆ ಕೊಟ್ರೆ ಒಣಗಿಸಿ ಪ್ರಿಂಟ್ ಹಾಕಿಕೊಡ್ತೀನಿ. ಆದ್ರೆ ಅದ್ರಲ್ಲಿ ಮಂಜು ಬಿಟ್ರೆ ಏನೂ ಇಲ್ವಲ್ಲಮ್ಮ.”

“ನೀನೂ ಚೀಟಿ ಓದಿಲ್ಲ ಅಂತಾಯ್ತು.”

ಬೋಗುಣಿಯಲ್ಲಿ ಕಪ್ಪು ಸರಿಯತೊಡಗಿತ್ತು. ಪಟ್ಟಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಮೊದಲು ಆಕೆಯದೇ ಸೀರೆಯ ಅಂಚು ಕಂಡಿತು. ಆಮೇಲೆ ಪಕ್ಕದಲ್ಲೊಂದು ಮುಖ. ಓಡಿ ಬಂದ ಏದುಸಿರಿಗೆ ಬಾಯಿ ತೆರೆದೇ ಇತ್ತು. ನರೆತ ಕೂದಲು ನೆಗೆಟಿವ್‌ನಲ್ಲಿ ಕಡುಕಪ್ಪಾಗಿತ್ತು.

ತೊಳೆದುಕೊಂಡು ಚಿಲಕ ತೆಗೆದಳು. ಚಿಕ್ಕಪ್ಪ ಸಮಾಧಾನ ಹೇಳಲೂ ನಿಲ್ಲದೆ ಒಳಗೆ ನುಗ್ಗಿದರು.

ಆಕೆ ಹಜಾರಕ್ಕೆ ಬಂದು ಗಂಡನ ಕಿವಿಯ ಬಳಿ ಬಾಗಿದಳು.

“ಹನ್ನೊಂದು ಸಲ ತಟ್ಟಿದ್ರು ರೀ. ಎಣಿಸಿದೀನಿ.”

ಆ ರೋಲಿನ ಹಳೆಯ ಲಕೋಟೆಯನ್ನು ಅವರ ಎದೆಯ ಮೇಲಿಟ್ಟು, ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ತುದಿಯಿಂದ ಒಂದು ಹನಿ ಜಾರಿ ಲಕೋಟೆಯ ಮೇಲೆ ಬಿತ್ತು. ‘ಇವಳು’ ಎಂಬ ಅಕ್ಷರಗಳ ಶಾಯಿ ನಿಧಾನವಾಗಿ ಹರಡತೊಡಗಿತು.