ಉಸಿರು ತುಂಬುವ ಚೀಲ

ಮೂರು ದಿನದ ತರಬೇತಿಗೆ ಕಲಬುರ್ಗಿಗೆ ಬರಬೇಕೆಂಬ ಕಾಗದ ಕೈಗೆ ಬಂದಾಗ ಮಥುರಾಬಾಯಿಗೆ ಮೊದಲು ಹೊಳೆದದ್ದು, ಮೂರು ದಿನ ಕುರ್ಚಿಯ ಮೇಲೆ ಕೂರಲು ಸಿಗುತ್ತದಲ್ಲ ಎಂಬುದು. ಇಪ್ಪತ್ತಮೂರು ವರ್ಷ ನಿಂತು ದುಡಿದ ಕಾಲುಗಳು ಆಕೆಯವು. ಕಮಲಾಪುರದ ಬಸ್ ನಿಲ್ದಾಣದ ಹಿಂದೆ ಒಬ್ಬ ವ್ಯಾಪಾರಿ ತನ್ನ ತಾಯಿಯ ನೆನಪಿಗೆ ಕಟ್ಟಿಸಿದ ಆರು ಹಾಸಿಗೆಯ ಹೆರಿಗೆ ದವಾಖಾನೆಗೆ ಆಕೆ ಒಬ್ಬಳೇ ನರ್ಸು. ಡಾಕ್ಟರು ವಾರಕ್ಕೆ ಎರಡು ದಿನ ಬಂದು ಹೋಗುತ್ತಿದ್ದರು. ಉಳಿದ ಐದು ದಿನ ಎಲ್ಲವೂ ಆಕೆಯ ತಲೆಯ ಮೇಲೆ. ಜೊತೆಗೆ ಆಯಾ ಶೇವಂತಾ ಇದ್ದಳು, ಅಷ್ಟೆ.

ಅದು ತೊಂಬತ್ತಾರರ ಮೇ ತಿಂಗಳು. ಬಸ್ಸು ಮಹಾಗಾಂವದಲ್ಲಿ ನಿಂತು ನೆಹರು ಗಂಜ್ ಮಾರುಕಟ್ಟೆಗೆ ಹೋಗುವ ತೊಗರಿ ಚೀಲಗಳನ್ನು ಮೇಲೆ ಹೇರಿಸಿಕೊಂಡದ್ದು ಆಕೆಗೆ ಗೊತ್ತು. ಕಪನೂರ ಯಾವಾಗ ದಾಟಿತೋ ಗೊತ್ತಿಲ್ಲ. ಕಲಬುರ್ಗಿಯಲ್ಲಿ ಕಂಡಕ್ಟರನೇ ಎಬ್ಬಿಸಿ ಇಳಿಸಿದ.

ತರಬೇತಿಗೆ ಹನ್ನೆರಡು ಮಂದಿ ನರ್ಸುಗಳು ಬಂದಿದ್ದರು. ಕಲಿಸುವವರು ಡಾಕ್ಟರ್ ಫರೀದಾ, ಗಂಜಿನ ಒಬ್ಬ ಬೇಳೆ ವ್ಯಾಪಾರಿಯ ಮಗಳು. ವಯಸ್ಸಿನಲ್ಲಿ ಮಥುರಾಬಾಯಿಯ ಮಗಳಿಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಮೇಜಿನ ಮೇಲೆ ಒಂದು ರಬ್ಬರಿನ ಕೂಸನ್ನು ಮಲಗಿಸಿದ್ದರು. ಹೆಚ್ಚು ಮಾತಿಲ್ಲದೆ ಮೊದಲಿಗೇ ಮಥುರಾಬಾಯಿಯನ್ನು ಕರೆದು, ಕೂಸು ಹುಟ್ಟಿದೆ, ಅಳುತ್ತಿಲ್ಲ, ಏನು ಮಾಡುತ್ತೀರಿ ಎಂದು ಕೇಳಿದರು.

ಮಥುರಾಬಾಯಿ ಯೋಚಿಸಲಿಲ್ಲ. ಕೈ ತಾನಾಗಿ ಗೊಂಬೆಯ ಎರಡೂ ಕಾಲು ಹಿಡಿದು ತಲೆ ಕೆಳಗಾಗಿ ಎತ್ತಿತು. ಇನ್ನೊಂದು ಕೈ ಬೆನ್ನಿಗೆ ಫಟಫಟನೆ ಬಾರಿಸಿತು. ಯಾರೂ ನಗಲಿಲ್ಲ. ಉಳಿದ ಹನ್ನೊಂದು ಮಂದಿಯೂ ಅದನ್ನೇ ಮಾಡುವವರು.

ಫರೀದಾ ಮೆಲ್ಲಗೆ ಗೊಂಬೆಯನ್ನು ಇಸಿದುಕೊಂಡು ಟವೆಲ್ಲಿನ ಮೇಲೆ ಮಲಗಿಸಿದರು. "ಹಿಂಗ ಮಾಡಬಾರದ್ರಿ ಅಕ್ಕಾ. ಇದರಿಂದ ಕೂಸಿಗೆ ಪೆಟ್ಟಾಗ್ತದ, ಉಸಿರು ಬರೂದಿಲ್ಲ."

ಆಮೇಲೆ ಒಂದೊಂದಾಗಿ ಮಾಡಿ ತೋರಿಸಿದರು. ಒರೆಸಬೇಕು, ಬೆಚ್ಚಗಿಡಬೇಕು, ಬೆನ್ನು ತಿಕ್ಕಬೇಕು. ಅಷ್ಟಕ್ಕೂ ಉಸಿರಾಡದಿದ್ದರೆ ತಲೆಯನ್ನು ಚೂರು ಹಿಂದಕ್ಕೆ ಮಾಡಿ, ಬಾಯಿ ಮೂಗು ಎರಡೂ ಮುಚ್ಚುವಂತೆ ಮಾಸ್ಕ್ ಒತ್ತಿ, ಅದಕ್ಕೆ ಅಂಟಿದ ರಬ್ಬರಿನ ಚೀಲವನ್ನು ಹಿಚುಕಿ ಗಾಳಿ ಕೊಡಬೇಕು. ಆ ಚೀಲಕ್ಕೆ ಅಂಬು ಬ್ಯಾಗು ಎನ್ನುತ್ತಿದ್ದರು. ಎದೆ ಏಳುವುದನ್ನು ಕಣ್ಣಲ್ಲಿ ನೋಡಬೇಕು; ಏಳದಿದ್ದರೆ ಮಾಡಿದ್ದೆಲ್ಲ ದಂಡ.

ಮಥುರಾಬಾಯಿ ಹಿಚುಕಿದರೆ ಗಾಳಿ ಮಾಸ್ಕಿನ ಅಂಚಿನಿಂದ ಸುಸ್ಸೆಂದು ಸೋರುತ್ತಿತ್ತು. ಮೊದಲ ದಿನ ಪೂರ್ತಿ ಸೋರಿತು. ಎರಡನೆಯ ದಿನ ಬೆರಳುಗಳು ಸೆಟೆದುಕೊಂಡವು. ಕೂರಲು ಸಿಗುತ್ತದೆಂದು ಬಂದವಳು ಇಲ್ಲಿಯೂ ಮೇಜಿನ ಮುಂದೆ ನಿಂತೇ ಇದ್ದಳು. ಮೂರನೆಯ ದಿನ ಮಧ್ಯಾಹ್ನ ಗೊಂಬೆಯ ಎದೆ ಸರಿಯಾಗಿ ಎದ್ದಿತು, ಇಳಿಯಿತು, ಮತ್ತೆ ಎದ್ದಿತು.

ಖುಷಿಯಾಗಬೇಕಿತ್ತು. ಬದಲಿಗೆ ಹಿಂದಿನ ಮುಖಗಳು ಸಾಲಾಗಿ ಕಣ್ಣ ಮುಂದೆ ಬಂದವು. ಮಹಾಗಾಂವದ ಇಮಾಮಬಿಯ ಚೊಚ್ಚಲ ಗಂಡು ಕೂಸು, ತುಂಬಿಕೊಂಡ ಕೆನ್ನೆಯದು. ಬಡಿದೂ ಬಡಿದೂ ಕೈ ಸೋತ ಮೇಲೆ ಬಟ್ಟೆಯಲ್ಲಿ ಸುತ್ತಿ ಕೊಟ್ಟು, ದೇವರು ಕೊಟ್ಟಷ್ಟೇ ಆಯುಷ್ಯ ತಾಯಿ ಎಂದಿದ್ದಳು. ಇಮಾಮಬಿ ಅದನ್ನು ನಂಬಿ, ಹೋಗುವಾಗ ಆಕೆಯ ಕಾಲಿಗೆ ಬಿದ್ದಿದ್ದಳು. ಮಥುರಾಬಾಯಿ ಸೆರಗಿನಿಂದ ಮುಖ ಒತ್ತಿಕೊಂಡಳು. ಫರೀದಾ ಏನಾಯಿತೆಂದು ಕೇಳಿದಾಗ, ಸೆಖೆ ಎಂದಳು.

ಹೊರಡುವಾಗ ಒಬ್ಬೊಬ್ಬರಿಗೆ ಒಂದೊಂದು ಅಂಬು ಬ್ಯಾಗು ಕೊಟ್ಟರು. ಕಮಲಾಪುರಕ್ಕೆ ಬಂದು ಹದಿನೈದು ದಿನ ಕಳೆದರೂ ಅದನ್ನು ಶೇವಂತಾಳಿಗೆ ತೋರಿಸಲು ಮಥುರಾಬಾಯಿಗೆ ಧೈರ್ಯ ಬರಲಿಲ್ಲ. ಶೇವಂತಾಳ ಕೈ ದೊಡ್ಡದು, ಗಟ್ಟಿ. ಆಕೆ ತಟ್ಟಿದರೆ ಎಂಥ ಕೂಸೂ ಅಳುತ್ತದೆ ಎಂದು ಸುತ್ತಲಿನ ಹಳ್ಳಿಯ ಹೆಂಗಸರು ಹೇಳುತ್ತಿದ್ದರು. ಹಾಗೆ ಅತ್ತ ಕೂಸುಗಳು ತಟ್ಟದಿದ್ದರೂ ಅಳುತ್ತಿದ್ದವು ಎಂದು ಈಗ ಹೇಗೆ ಹೇಳುವುದು? ಆದರೆ ಹೇಳದೆ ಬಿಟ್ಟರೆ ನಾಳೆ ಆಕೆ ಮತ್ತೆ ಕಾಲು ಹಿಡಿದು ಎತ್ತುತ್ತಾಳೆ. ಕೊನೆಗೊಂದು ಮಧ್ಯಾಹ್ನ, ಹೆರಿಗೆಯಿಲ್ಲದ ಹೊತ್ತಿನಲ್ಲಿ, ಮಥುರಾಬಾಯಿ ಖಾಲಿ ಹಾಲಿನ ಪಾಕೀಟಿನ ಸುತ್ತ ಟವೆಲ್ಲು ಸುತ್ತಿ ಒಂದು ಕೂಸು ಮಾಡಿದಳು. ಪಾಕೀಟಿನ ಕತ್ತರಿಸಿದ ಬಾಯಿಯ ಮೇಲೆ ಮಾಸ್ಕ್ ಸರಿಯಾಗಿ ಕೂತರೆ ಅದು ಉಬ್ಬುತ್ತಿತ್ತು. ಶೇವಂತಾಳನ್ನು ಎದುರಿಗೆ ನಿಲ್ಲಿಸಿಕೊಂಡು ಎಲ್ಲ ಹೇಳಿದಳು.

ಶೇವಂತಾ ಕೊನೆಯವರೆಗೂ ಕೇಳಿಸಿಕೊಂಡಳು. "ಹಂಗಾದ್ರ ಇಷ್ಟು ವರ್ಷ ನಾ ಮಾಡಿದ್ದು ತಪ್ಪೇನ್ರಿ ಬಾಯಾರ?"

"ನಿನಗ ಕಲಿಸಿದಾಕಿ ನಾನೇ ಅಲ್ಲೇನು? ನನಗ ಕಲಿಸಿದವರಿಗೂ ಗೊತ್ತಿರಲಿಲ್ಲ."

ಶೇವಂತಾ ಹಿತ್ತಲಿಗೆ ಹೋಗಿ ನಳದ ಕೆಳಗೆ ಬಹಳ ಹೊತ್ತು ಕೈ ತೊಳೆದಳು. ಮರುದಿನ ಹೊತ್ತಿಗೆ ಮುಂಚೆಯೇ ಬಂದು, ಟವೆಲ್ಲಿನ ಕೂಸು ಎಲ್ಲಿಟ್ಟೀರಿ ಎಂದು ಕೇಳಿದಳು. ಅಂದಿನಿಂದ ನೆಲ ಒರೆಸಿ ಮುಗಿಸಿದ ಮೇಲೆ ದಿನಾ ಅರ್ಧ ತಾಸು ಅದನ್ನೇ ಹಿಚುಕುತ್ತ ಕೂರುತ್ತಿದ್ದಳು.

ಆಗಸ್ಟಿನಲ್ಲಿ ಒಂದು ದಿನ ಬೆಳಿಗ್ಗೆ ಇಕ್ಬಾಲ್ ಬೇಗಂ ತನ್ನ ಸೊಸೆ ಶಾಹಜಾದಿಯನ್ನು ಕರೆತಂದಳು. ಅದರ ಹಿಂದಿನ ಎರಡು ದಿನಗಳಲ್ಲಿ ನಾಲ್ಕು ಹೆರಿಗೆಯಾಗಿದ್ದವು. ಮಥುರಾಬಾಯಿ ಮನೆಯ ಮುಖ ನೋಡಿರಲಿಲ್ಲ. ಹನ್ನೊಂದರ ಸುಮಾರಿಗೆ ಕೂಸು ಹೊರಬಂತು. ನೀಲಿಗಟ್ಟಿತ್ತು, ಕೈಕಾಲು ಜೋತುಬಿದ್ದಿದ್ದವು. ಮಥುರಾಬಾಯಿ ಹೊಕ್ಕುಳ ಹುರಿ ಕತ್ತರಿಸಿ ಕೂಸನ್ನು ಒರೆಸಲು ತೊಡಗಿದ್ದಳಷ್ಟೆ, ಗರ್ಭದ ಕಸ ಬಿದ್ದು ಅದರ ಹಿಂದೆಯೇ ತಾಯಿಗೆ ರಕ್ತ ನಲ್ಲಿ ಬಿಟ್ಟಂತೆ ಹರಿಯತೊಡಗಿತು. ಮಥುರಾಬಾಯಿ ಇಂಜೆಕ್ಷನ್ ಚುಚ್ಚಿದಳು. ರಕ್ತ ನಿಲ್ಲಲಿಲ್ಲ. ಒಂದು ಕೈ ಒಳಗೆ, ಒಂದು ಕೈ ಹೊಟ್ಟೆಯ ಮೇಲೆ ಇಟ್ಟು ಗರ್ಭಚೀಲವನ್ನು ನಡುವೆ ಅದುಮಿ ಹಿಡಿದಳು. ಬಿಟ್ಟರೆ ತಾಯಿ ಹೋಗುತ್ತಾಳೆ. ಕೂಸು ಆಚೆ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು.

"ಶೇವಂತಾ, ಕೂಸು ನೀ ನೋಡು."

"ನಾ ಮಾಡಬಹುದೇನ್ರಿ?"

"ಬ್ಯಾರೆ ಯಾರದಾರ ಇಲ್ಲಿ?"

ಮೇಜು ಬೆನ್ನ ಹಿಂದಿತ್ತು; ತಿರುಗಿ ನೋಡುವಂತಿರಲಿಲ್ಲ. ಮಥುರಾಬಾಯಿಗೆ ಕೇಳಿಸಿದ್ದು ಚೀಲದ ಸದ್ದು ಮಾತ್ರ. ಮೊದಲು ಸುಸ್ಸೆಂದು ಸೋರಿತು. ಗದ್ದ ಹಿಡಿ ಎಂದಳು. ಸೋರುವುದು ನಿಂತಿತು. ಶೇವಂತಾ ಒಂದು, ಎರಡು, ಮೂರು ಎಂದು ಎಣಿಸುತ್ತ ಹಿಚುಕತೊಡಗಿದಳು. ಎದೆ ಏಳುತ್ತಿದೆಯೇ ಎಂದು ಕೇಳಿದರೆ, "ಏಳ್ತದ್ರಿ" ಎಂದಳು, ಮತ್ತೆ ಎಣಿಸಿದಳು. ಮಥುರಾಬಾಯಿ ಬಾಗಿಲಲ್ಲಿ ನಿಂತಿದ್ದ ಇಕ್ಬಾಲ್ ಬೇಗಂಗೆ ಟೆಂಪೊ ಓಡಿಸುವ ಮಂಜೂರನನ್ನು ಕರೆತರಲು ಹೇಳಿದಳು. ಆಕೆ ಹೋದ ಮೇಲೂ ಎಣಿಕೆ ನಡೆದೇ ಇತ್ತು. ಮೂರು ನಿಮಿಷವೋ ನಾಲ್ಕೋ. ಆಮೇಲೆ ಎಣಿಕೆ ಥಟ್ಟನೆ ನಿಂತಿತು. ಮಥುರಾಬಾಯಿ ಕಣ್ಣು ಮುಚ್ಚಿದಳು. ಗಂಟಲು ಕಟ್ಟಿದವರು ಕೆಮ್ಮಿದಂಥ ಒಂದು ಸಣ್ಣ ಸದ್ದು, ಅದರ ಹಿಂದೆ ಒಂದು ತೆಳುವಾದ ಅಳು ಕೇಳಿಸಿತು.

ಕಲಬುರ್ಗಿಯವರೆಗೆ ಟೆಂಪೊದಲ್ಲಿ ಮಥುರಾಬಾಯಿ ಕೈ ತೆಗೆಯಲಿಲ್ಲ. ಎದುರಿಗೆ ಶೇವಂತಾ ಕೂಸನ್ನು ಕುಪ್ಪಸದೊಳಗೆ ಎದೆಗೆ ಅವುಚಿಕೊಂಡು ಕೂತಿದ್ದಳು. ದೊಡ್ಡ ಆಸ್ಪತ್ರೆಯಲ್ಲಿ ಶಾಹಜಾದಿಗೆ ಎರಡು ಬಾಟಲಿ ರಕ್ತ ಏರಿಸಿದರು. ಸಂಜೆಗೆ ಆಕೆ ಕಣ್ಣು ಬಿಟ್ಟು ಕೂಸನ್ನು ಕೇಳಿದಳು. ಮಥುರಾಬಾಯಿಯ ಬಲಗೈ ಮಾತ್ರ ಚಹಾದ ಗ್ಲಾಸು ಹಿಡಿಯಲೂ ಬಾರದಷ್ಟು ಮರಗಟ್ಟಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಕಂಬಿಗೆ ಜೋತುಬಿದ್ದು ನಿಂತಾಗ ಶೇವಂತಾ ಕೇಳಿದಳು: "ನಾಳೆ ಡಾಕ್ಟರ್ ಬರ್ತಾರ. ಆಯಾ ಮಾಡ್ಯಾಳ ಅಂದ್ರ ಬೈತಾರೇನ್ರಿ?"

"ಬೈದ್ರ ಬೈಲಿ. ಇದ್ದದ್ದು ಹೇಳ್ತೀನಿ."

ಹೇಳಿದಳು. ಡಾಕ್ಟರು, ಆ ಚೀಲವನ್ನು ಇನ್ನು ಮೇಜಿನ ಹತ್ತಿರವೇ ಇಡಿ ಎಂದಷ್ಟೇ ಹೇಳಿ ಹೋದರು. ಶೇವಂತಾ ತನ್ನ ಕೈಗೆ ಎಟುಕುವ ಎತ್ತರದಲ್ಲಿ ಗೋಡೆಗೆ ಮೊಳೆ ಹೊಡೆದು, ಕುದಿಸಿ ಒಣಗಿಸಿದ ಮಾಸ್ಕಿನ ಜೊತೆ ಅದನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿ ತೂಗುಹಾಕಿದಳು. ಆಮೇಲೆ, ಇವತ್ತು ನಾ ಇರ್ತೀನಿ, ನೀವು ಮನೆಗೆ ಹೋಗ್ರಿ ಎಂದಳು. ಮಥುರಾಬಾಯಿ ಹೋದಳು. ಗಂಡ ಜಯತೀರ್ಥರು ಊಟದ ತಾಟು ಹಾಕಿ ಎರಡು ಸಲ ಕರೆದರು. ಆಕೆ ಚಪ್ಪಲಿಯನ್ನೂ ಬಿಡದೆ ನಡುಮನೆಯ ಚಾಪೆಯ ಮೇಲೆ ಮಲಗಿ ನಿದ್ದೆಹೋಗಿದ್ದಳು.